ಒಂದು ಯುದ್ಧದಿಂದ ದೇಶದ ಆಯುಧ ವ್ಯಾಪಾರ ಮುಳುಗುತ್ತದೆಯೇ? ಮುಳಬಾಗಿಲಿನಿಂದ ಉಕ್ರೇನ್‌ವರೆಗೆ ನಿಜವೆಷ್ಟು, ಸುಳ್ಳೆಷ್ಟು

ಎಲ್ಲಾದರೂ ಯುದ್ಧ ಶುರುವಾದರೆ ಸಾಕು, ಎರಡು ಬಗೆಯ ಫಾರ್ವರ್ಡ್‌ಗಳು ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳುತ್ತವೆ. ಮೊದಲನೆಯದು: "ಆ ದೇಶದ ಆಯುಧಗಳ ಬಣ್ಣ ಬಯಲಾಯಿತು, ಇನ್ನು ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ." ಎರಡನೆಯದು: "ನಮ್ಮ ಕ್ಷಿಪಣಿ ಕೊಳ್ಳಲು ಇಡೀ ಜಗತ್ತು ಸಾಲುಗಟ್ಟಿ ನಿಂತಿದೆ." ಇವುಗಳ ಹಿಂದೆಯೇ ಮೂರನೆಯದೊಂದು ಬರುತ್ತದೆ: "ಈ ರಕ್ಷಣಾ ಕಂಪನಿಯ ಷೇರು ಈಗಲೇ ಕೊಳ್ಳಿ, ಮೂರು ತಿಂಗಳಲ್ಲಿ ದುಡ್ಡು ಎರಡರಷ್ಟು."

ಮೊದಲ ಎರಡನ್ನು ಓದಿ ಖುಷಿಪಟ್ಟು ಬಿಟ್ಟರೆ ದೊಡ್ಡ ನಷ್ಟವೇನಿಲ್ಲ. ಮೂರನೆಯದನ್ನು ನಂಬಿದರೆ ಮನೆಯ ಉಳಿತಾಯಕ್ಕೇ ಕೈ ಹಾಕಿದಂತೆ. ಆದ್ದರಿಂದ ಯುದ್ಧಕ್ಕೂ ದೇಶವೊಂದರ ಸೇನಾ ಹೆಸರಿಗೂ ಆಯುಧ ರಫ್ತಿಗೂ ನಿಜವಾಗಿ ಏನು ಸಂಬಂಧ ಎಂದು ಈ ಲೇಖನದಲ್ಲಿ ನೋಡೋಣ. ಶುರುಮಾಡಲು ದೂರ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ನೆಲದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ.

ಚುಟುಕಾಗಿ ಉತ್ತರ

• ಯುದ್ಧ ಒಂದು ದೇಶದ ಸೇನಾ ಹೆಸರನ್ನು ಏರಿಸುತ್ತದೆ, ಇಳಿಸುತ್ತದೆ. ಇದು ನಿಜ.
• ಆದರೆ ಹೆಸರು ಇಳಿದ ತಕ್ಷಣ ಮಾರಾಟ ಇಳಿಯುವುದಿಲ್ಲ, ಹೆಸರು ಏರಿದ ತಕ್ಷಣ ಏರುವುದೂ ಇಲ್ಲ.
• ಬೆಲೆ, ಸಾಲದ ಅನುಕೂಲ, ಬಿಡಿಭಾಗ, ಹೇಳಿದ ಸಮಯಕ್ಕೆ ಪೂರೈಕೆ, ರಾಜಕೀಯ ಒತ್ತಡ ಇವೆಲ್ಲ ಸೇರಿ ವ್ಯಾಪಾರವನ್ನು ತೀರ್ಮಾನಿಸುತ್ತವೆ.
• ಯುದ್ಧ ನಡೆಯುವಾಗ ಹೊರಬರುವ ಲೆಕ್ಕಗಳಲ್ಲಿ ಬಹಳಷ್ಟು ಪ್ರಚಾರ. ಸತ್ಯ ತಿಳಿಯಲು ವರ್ಷಗಳೇ ಬೇಕಾಗುತ್ತವೆ.

1768, ಮುಳಬಾಗಿಲು: ಒಂದು ಹೆಸರು ಮಾಡಿದ ಕೆಲಸ

ಹೈದರ್ ಅಲಿ ಹುಟ್ಟಿದ್ದು ಇಂದಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮುಹಮ್ಮದ್ ಸಮಾಧಿ ಕೋಲಾರ ಪಟ್ಟಣದಲ್ಲಿದೆ. ಮೊದಲ ಆಂಗ್ಲೋ-ಮೈಸೂರು ಯುದ್ಧದಲ್ಲಿ, ಅಂದರೆ 1767ರಿಂದ 1769ರವರೆಗೆ, ಕೋಲಾರ ಮತ್ತು ಮುಳಬಾಗಿಲಿನ ಸುತ್ತಮುತ್ತಲ ಪ್ರದೇಶ ರಣರಂಗವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಪಡೆ ಇಲ್ಲಿನ ಕೋಟೆಗಳನ್ನು ಹಿಡಿಯಿತು. ಹೈದರ್ ಮುಳಬಾಗಿಲು ಕೋಟೆಯನ್ನು ಮತ್ತೆ ತನ್ನ ವಶಕ್ಕೆ ತೆಗೆದುಕೊಂಡ. ಅದನ್ನು ಬಿಡಿಸಿಕೊಳ್ಳಲು ಬಂದವನು ಕಂಪನಿಯ ಕರ್ನಲ್ ವುಡ್.

1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ವುಡ್‌ನ ಸಣ್ಣ ಪಡೆ ಹೈದರ್‌ನ ದೊಡ್ಡ ಸೈನ್ಯದ ಕೈಗೆ ಸಿಕ್ಕಿಬಿತ್ತು. ಸೋಲು ಖಚಿತ ಎನ್ನುವ ಹೊತ್ತಿಗೆ ಕ್ಯಾಪ್ಟನ್ ಬ್ರೂಕ್ ಎಂಬ ಅಧಿಕಾರಿ ಕೆಲವು ಸಿಪಾಯಿಗಳನ್ನೂ ಎರಡು ಫಿರಂಗಿಗಳನ್ನೂ ಕರೆದುಕೊಂಡು ಒಂದು ಬಂಡೆ ಹತ್ತಿದ. ಅಲ್ಲಿಂದ ಗುಂಡು ಹಾರಿಸುತ್ತಾ ಎಲ್ಲರೂ "ಸ್ಮಿತ್! ಸ್ಮಿತ್!" ಎಂದು ಜೋರಾಗಿ ಕೂಗಿದರು. ಸ್ಮಿತ್ ಎಂದರೆ ಕಂಪನಿಯ ಮುಖ್ಯ ಸೇನಾಧಿಕಾರಿ ಕರ್ನಲ್ ಜೋಸೆಫ್ ಸ್ಮಿತ್. ಅವನು ಆಗ ಅಲ್ಲಿ ಇರಲೇ ಇಲ್ಲ. ಆದರೆ ಸ್ಮಿತ್‌ನ ದೊಡ್ಡ ಪಡೆಯೇ ಬಂದುಬಿಟ್ಟಿತು ಎಂದು ಮೈಸೂರಿನ ಸೈನ್ಯ ಹಿಂದೆ ಸರಿಯಿತು. ಇದು ಮೋಸ ಎಂದು ಗೊತ್ತಾಗಿ ಹೈದರ್ ಮತ್ತೆ ಮೇಲೆ ಬೀಳುವಷ್ಟರಲ್ಲಿ ವುಡ್‌ನ ಪಡೆ ಸಾವರಿಸಿಕೊಂಡಿತ್ತು.

ಈ ಘಟನೆಯಲ್ಲಿ ಎರಡು ವಿಷಯಗಳಿವೆ. ಒಂದು, ಸೇನಾ ಹೆಸರು ಎನ್ನುವುದು ನಿಜಕ್ಕೂ ಒಂದು ಆಯುಧ. ಎದುರಾಳಿ ಹೆದರಿದರೆ ಅರ್ಧ ಕೆಲಸ ಆದಂತೆ. ಎರಡು, ಯುದ್ಧದ ನಡುವೆ ಹರಡುವ ಸುದ್ದಿ ಸುಳ್ಳಾಗಿದ್ದರೂ ಕೆಲಸ ಮಾಡುತ್ತದೆ, ಹಾಗಾಗಿಯೇ ಅದನ್ನು ಹರಡುತ್ತಾರೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಮುಳಬಾಗಿಲಿನ ಬಂಡೆಯ ಮೇಲಿಂದ ಹೊರಟಿದ್ದು ಒಂದು ಸುಳ್ಳು ಫಾರ್ವರ್ಡ್.

ಹಾಗೆಂದು ಆ ಹೆಸರು ಕಂಪನಿಯನ್ನು ಕೊನೆಯವರೆಗೂ ಕಾಯಲಿಲ್ಲ. ಆರು ತಿಂಗಳೊಳಗೆ, 1769ರ ಮಾರ್ಚ್ ಕೊನೆಗೆ, ಹೈದರ್‌ನ ಕುದುರೆ ಪಡೆ ಮದರಾಸಿನ ಹೊಸ್ತಿಲಲ್ಲಿತ್ತು. ಕಂಪನಿ ಸಂಧಿಗೆ ಒಪ್ಪಬೇಕಾಯಿತು. ಹೈದರ್‌ನ ದಾಳಿಯ ಸುದ್ದಿ 1769ರ ಮೇ ತಿಂಗಳಲ್ಲಿ ಲಂಡನ್ ಮುಟ್ಟಿದಾಗ ಅಲ್ಲಿನ ಪೇಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಷೇರು ಬೆಲೆ ಕುಸಿಯಿತು. ಯುದ್ಧದ ಸುದ್ದಿ ಕೇಳಿ ಷೇರು ಕೊಳ್ಳುವುದು, ಕಳೆದುಕೊಳ್ಳುವುದು 250 ವರ್ಷಗಳ ಹಿಂದೆಯೂ ಇತ್ತು ಎಂದಾಯಿತು.

ಇನ್ನೊಂದು ಪೆಟ್ಟು ಬೇರೆ ರೀತಿಯದು. ಸಂಧಿಯ ಪ್ರಕಾರ ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕಿತ್ತು. ಮುಂದೆ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಬರಲಿಲ್ಲ. ಹೈದರ್ ಫ್ರೆಂಚರ ಕಡೆ ಹೆಚ್ಚು ವಾಲಿದ. ಫ್ರೆಂಚರ ಬಂದರಾದ ಮಾಹೆಯ ಮೂಲಕ ಅವನಿಗೆ ಯುದ್ಧ ಸಾಮಗ್ರಿ ಬರುತ್ತಿತ್ತು. 1779ರಲ್ಲಿ ಬ್ರಿಟಿಷರು ಮಾಹೆಯನ್ನು ವಶಪಡಿಸಿಕೊಂಡದ್ದು ಎರಡನೇ ಆಂಗ್ಲೋ-ಮೈಸೂರು ಯುದ್ಧಕ್ಕೆ ಒಂದು ಕಾರಣವಾಯಿತು. ಆಯುಧ ಕೊಡುವವನ ಮೇಲಿನ ನಂಬಿಕೆ, ಆಯುಧ ಬರುವ ದಾರಿ, ಇವೆರಡೂ ಯುದ್ಧದಷ್ಟೇ ದೊಡ್ಡ ವಿಷಯಗಳು. ಇಂದಿಗೂ ಅಷ್ಟೇ.

ಸೋತವನ ರಾಕೆಟ್ ಗೆದ್ದವನ ಕಾರ್ಖಾನೆಗೆ

ಸೋತ ದೇಶದ ಆಯುಧವನ್ನು ಯಾರೂ ಕೇಳುವುದಿಲ್ಲ ಎಂಬ ಮಾತಿಗೆ ಮೈಸೂರಿನ ರಾಕೆಟ್ಟೇ ಉತ್ತರ. ಹೈದರ್ ಮತ್ತು ಟಿಪ್ಪು ಕಾಲದ ರಾಕೆಟ್‌ಗಳಲ್ಲಿ ಸಿಡಿಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬುತ್ತಿದ್ದರು. ಬಿದಿರು ಅಥವಾ ಕಾಗದದ ಕೊಳವೆಗಿಂತ ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ. ಆದ್ದರಿಂದ ರಾಕೆಟ್ ಹೆಚ್ಚು ದೂರ ಹೋಗುತ್ತಿತ್ತು. 1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನೆಲಕಚ್ಚಿದಾಗ ಈ ರಾಕೆಟ್‌ಗಳ ಹೆಸರು ಬ್ರಿಟನ್‌ವರೆಗೂ ಹೋಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಯುದ್ಧ ಸೋತಿದ್ದು ಮೈಸೂರು. ಆದರೆ ಸಿಕ್ಕ ರಾಕೆಟ್‌ಗಳನ್ನು ಬ್ರಿಟಿಷರು ಎಸೆಯಲಿಲ್ಲ, ಲಂಡನ್ ಬಳಿಯ ವುಲ್‌ವಿಚ್‌ಗೆ ಪರೀಕ್ಷೆಗೆ ಕಳಿಸಿದರು. ವಿಲಿಯಂ ಕಾಂಗ್ರೀವ್ ಅವುಗಳ ಆಧಾರದ ಮೇಲೆ ತನ್ನ ರಾಕೆಟ್ ರೂಪಿಸಿದ. ಅವು 1806ರಲ್ಲಿ ಫ್ರಾನ್ಸ್‌ನ ಬುಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಬಿದ್ದವು. ಆಮೇಲೆ ಯೂರೋಪಿನ ಹಲವು ಸೇನೆಗಳು ರಾಕೆಟ್ ದಳ ಕಟ್ಟಿದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳು ಬಾವಿಯಿಂದ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದದ್ದು ನಿಮಗೆ ನೆನಪಿರಬಹುದು.

ಅಂದರೆ ಒಂದು ದೇಶದ ಸೋಲು ಬೇರೆ, ಅದರ ಒಂದೊಂದು ಆಯುಧದ ಗುಣ ಬೇರೆ. ಕೊಳ್ಳುವವರು ಇವೆರಡನ್ನೂ ಬೇರೆಬೇರೆಯಾಗಿಯೇ ತೂಗುತ್ತಾರೆ.

ಇನ್ನು ಇಂದಿನ ಮಾತು: ರಷ್ಯಾಕ್ಕೆ ಏನಾಯಿತು?

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಕೆಲವೇ ದಿನಗಳಲ್ಲಿ ರಾಜಧಾನಿ ಕೀವ್ ಬೀಳುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದರು. ಬೀಳಲಿಲ್ಲ. ಗೋಪುರ ಕಿತ್ತುಹೋದ ರಷ್ಯಾದ ಟ್ಯಾಂಕ್‌ಗಳ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದ ರಷ್ಯನ್ ನೌಕಾಪಡೆಯ ಮುಖ್ಯ ಹಡಗು ಮಾಸ್ಕ್ವಾ ಮುಳುಗಿತು. ರಷ್ಯಾದ ಸೇನಾ ಹೆಸರಿಗೆ ದೊಡ್ಡ ಪೆಟ್ಟು ಬಿದ್ದದ್ದು ನಿಜ.

ವ್ಯಾಪಾರದ ಲೆಕ್ಕ ಏನು ಹೇಳುತ್ತದೆ? ಜಗತ್ತಿನ ಆಯುಧ ವ್ಯಾಪಾರದ ಲೆಕ್ಕ ಇಡುವ ಸ್ವೀಡನ್‌ನ ಸಿಪ್ರಿ ಸಂಸ್ಥೆ 2025ರ ಮಾರ್ಚ್‌ನಲ್ಲಿ ಕೊಟ್ಟ ಅಂಕಿಗಳು ಹೀಗಿವೆ:

• 2015–19 ಮತ್ತು 2020–24ರ ಅವಧಿಗಳನ್ನು ಹೋಲಿಸಿದರೆ ರಷ್ಯಾದ ಆಯುಧ ರಫ್ತು ಶೇ. 64ರಷ್ಟು ಇಳಿದಿದೆ.
• ಜಗತ್ತಿನ ಆಯುಧ ರಫ್ತಿನಲ್ಲಿ ರಷ್ಯಾದ ಪಾಲು ಶೇ. 21ರಿಂದ ಶೇ. 7.8ಕ್ಕೆ ಬಂದಿದೆ.
• ಶೇ. 43 ಪಾಲಿನೊಂದಿಗೆ ಅಮೆರಿಕ ಮೊದಲ ಸ್ಥಾನದಲ್ಲಿದೆ. ಶೇ. 9.6ರೊಂದಿಗೆ ಫ್ರಾನ್ಸ್ ಎರಡನೆಯದು.
• ಭಾರತ ಆಮದು ಮಾಡಿಕೊಳ್ಳುವ ಆಯುಧಗಳಲ್ಲಿ ರಷ್ಯಾದ ಪಾಲು 2010–14ರಲ್ಲಿ ಶೇ. 72 ಇತ್ತು. 2015–19ರಲ್ಲಿ ಶೇ. 55, 2020–24ರಲ್ಲಿ ಶೇ. 36.

ಈ ಅಂಕಿಗಳನ್ನು ನೋಡಿ "ನೋಡಿದಿರಾ, ಟ್ಯಾಂಕ್ ಸುಟ್ಟುಹೋದದ್ದಕ್ಕೇ ಮಾರಾಟ ಬಿತ್ತು" ಎನ್ನುವುದು ಸುಲಭ. ಆದರೆ ಅದು ತಪ್ಪು. ಭಾರತದ ಅಂಕಿಯನ್ನೇ ಗಮನಿಸಿ. ಶೇ. 72ರಿಂದ 55ಕ್ಕೆ ಇಳಿದದ್ದು 2022ರ ಯುದ್ಧಕ್ಕಿಂತ ಮೊದಲು. ರಷ್ಯಾದ ಒಟ್ಟು ರಫ್ತು ಕೂಡ ಯುದ್ಧಕ್ಕೆ ಮುಂಚೆಯೇ ಇಳಿಜಾರಿನಲ್ಲಿತ್ತು. ಯುದ್ಧ ಆ ಇಳಿಜಾರಿನಲ್ಲಿ ಇನ್ನಷ್ಟು ತಳ್ಳಿತು.

ಹಾಗಾದರೆ ಕಾರಣಗಳೇನು? ಮುಖ್ಯವಾಗಿ ನಾಲ್ಕು.

ಒಂದು, ಸ್ವಂತ ಬಳಕೆ. ಕಾರ್ಖಾನೆಯಲ್ಲಿ ತಯಾರಾದದ್ದು ಮೊದಲು ತಮ್ಮ ಯುದ್ಧಕ್ಕೇ ಬೇಕು, ಹೊರಗಿನ ಗಿರಾಕಿ ಕಾಯಬೇಕು. ಭಾರತ 2018ರ ಅಕ್ಟೋಬರ್‌ನಲ್ಲಿ 5.43 ಶತಕೋಟಿ ಡಾಲರ್ ಬೆಲೆಗೆ ಐದು ಎಸ್-400 ವಾಯು ರಕ್ಷಣಾ ಘಟಕಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಮೂರು ಬಂದವು. ಉಳಿದೆರಡು ಹೇಳಿದ ಸಮಯಕ್ಕೆ ಬರಲಿಲ್ಲ.

ಎರಡು, ದಿಗ್ಬಂಧನ. 2017ರಲ್ಲಿ ಅಮೆರಿಕ ಕಾಟ್ಸಾ ಎಂಬ ಕಾನೂನು ಮಾಡಿತು. ರಷ್ಯಾದಿಂದ ದೊಡ್ಡ ಆಯುಧ ಕೊಂಡವರ ಮೇಲೂ ನಿರ್ಬಂಧ ಹಾಕಬಹುದು ಎನ್ನುತ್ತದೆ ಆ ಕಾನೂನು. ಇಂಡೊನೇಷ್ಯಾ ಸುಖೋಯ್-35 ಯುದ್ಧ ವಿಮಾನದ ಯೋಜನೆ ಕೈಬಿಟ್ಟಿತು. ಫಿಲಿಪ್ಪೀನ್ಸ್ 2022ರಲ್ಲಿ ಎಂಐ-17 ಹೆಲಿಕಾಪ್ಟರ್ ಖರೀದಿ ರದ್ದು ಮಾಡಿತು. ಹೆಲಿಕಾಪ್ಟರ್ ಕೆಟ್ಟದ್ದು ಅಂತ ಅಲ್ಲ, ಅಮೆರಿಕದ ಜೊತೆ ಜಗಳ ಬೇಡ ಅಂತ.

ಮೂರು, ಹಣ ಪಾವತಿ. ರಷ್ಯಾದ ಬ್ಯಾಂಕುಗಳನ್ನು ಅಂತರರಾಷ್ಟ್ರೀಯ ಪಾವತಿ ಜಾಲದಿಂದ ಹೊರಗಿಟ್ಟ ಮೇಲೆ ಕೊಳ್ಳುವವರ ಬಳಿ ದುಡ್ಡಿದ್ದರೂ ಕಳಿಸುವ ದಾರಿ ಕಷ್ಟವಾಯಿತು.

ನಾಲ್ಕು, ಪೈಪೋಟಿ. ಪೋಲೆಂಡ್‌ಗೆ 2022ರಲ್ಲಿ ಬೇಗ ಟ್ಯಾಂಕ್ ಮತ್ತು ಫಿರಂಗಿ ಬೇಕಿತ್ತು. ದಕ್ಷಿಣ ಕೊರಿಯಾ ಬೇಗ ಕೊಡುತ್ತೇವೆಂದಿತು, ಆರ್ಡರ್ ಅವರಿಗೆ ಹೋಯಿತು. ಕೊರಿಯಾ ಆ ಹೊತ್ತಿನಲ್ಲಿ ಯಾವ ಯುದ್ಧವನ್ನೂ ಗೆದ್ದಿರಲಿಲ್ಲ. ಮಾಲು ಸಿದ್ಧವಿತ್ತು, ಅಷ್ಟೇ.

ಟ್ರಾಕ್ಟರ್ ಲೆಕ್ಕ: ಕೊಳ್ಳುವವರು ತಕ್ಷಣ ಯಾಕೆ ಬದಲಾಗುವುದಿಲ್ಲ?

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಂದು ಲೋಡ್ ಕೆಟ್ಟಿದ್ದರೆ ವ್ಯಾಪಾರಿ ಮರುದಿನ ಬೇರೆ ತೋಟದ ಹಣ್ಣು ಕೊಳ್ಳಬಹುದು. ಆಯುಧದ ವ್ಯಾಪಾರ ಹಣ್ಣಿನ ವ್ಯಾಪಾರದಂತಲ್ಲ, ಟ್ರಾಕ್ಟರ್ ವ್ಯಾಪಾರದಂತೆ.

ಮುಳಬಾಗಿಲಿನ ರೈತರೊಬ್ಬರ ಬಳಿ ಒಂದು ಕಂಪನಿಯ ಟ್ರಾಕ್ಟರ್ ಇದೆ ಎಂದುಕೊಳ್ಳಿ. ಅದೇ ಕಂಪನಿಯ ಟ್ರಾಕ್ಟರ್ ಪಕ್ಕದ ಹಳ್ಳಿಯಲ್ಲಿ ಕೈಕೊಟ್ಟಿತು ಎಂದು ಸುದ್ದಿ ಬಂದರೆ ಅವರು ನಾಳೆಯೇ ತಮ್ಮದನ್ನು ಮಾರುತ್ತಾರೆಯೇ? ಇಲ್ಲ. ಸಾಲದ ಕಂತು ಇನ್ನೂ ಇದೆ. ನೇಗಿಲು, ಟ್ರೇಲರ್, ರೋಟಾವೇಟರ್ ಎಲ್ಲ ಅದಕ್ಕೆ ಹೊಂದಿಕೊಂಡಿವೆ. ಮೆಕ್ಯಾನಿಕ್‌ಗೆ ಅದರ ಒಳಹೊರಗು ಗೊತ್ತು. ಬಿಡಿಭಾಗ ಊರಲ್ಲೇ ಸಿಗುತ್ತದೆ. ಆದರೆ ಮುಂದಿನ ಸಲ ಹೊಸದು ಕೊಳ್ಳುವಾಗ ಮಾತ್ರ ಅವರು ನಾಲ್ಕು ಕಡೆ ವಿಚಾರಿಸುತ್ತಾರೆ.

ದೇಶಗಳೂ ಹೀಗೆಯೇ. ಭಾರತದ ವಾಯುಪಡೆಯ ಸುಖೋಯ್-30, ಭೂಸೇನೆಯ ಟಿ-72 ಮತ್ತು ಟಿ-90 ಟ್ಯಾಂಕ್‌ಗಳು ರಷ್ಯಾ ಮೂಲದವು. ಇವುಗಳ ಪೈಲಟ್ ತರಬೇತಿ, ಗುಂಡು, ಎಂಜಿನ್, ದುರಸ್ತಿ ಕೇಂದ್ರ ಎಲ್ಲವೂ ದಶಕಗಳಲ್ಲಿ ಕಟ್ಟಿದ್ದು. ಒಂದು ಯುದ್ಧದ ವಿಡಿಯೋ ನೋಡಿ ಇವನ್ನೆಲ್ಲ ಬದಲಿಸಲು ಯಾರಿಂದಲೂ ಆಗದು. ಯುದ್ಧದ ಪರಿಣಾಮ ಕಾಣುವುದು ಮುಂದಿನ ಖರೀದಿಯಲ್ಲಿ. ಅದಕ್ಕೆ ಐದು, ಹತ್ತು ವರ್ಷ ಹಿಡಿಯುತ್ತದೆ. ಸಿಪ್ರಿ ಐದೈದು ವರ್ಷಗಳ ಲೆಕ್ಕ ಇಡುವುದೂ ಇದೇ ಕಾರಣಕ್ಕೆ. ಒಂದು ವರ್ಷ ಹತ್ತು ವಿಮಾನ ಬಂದು ಮರುವರ್ಷ ಒಂದೂ ಬಾರದೆ ಇರಬಹುದು.

ಹೆಸರು ಗಳಿಸಿಯೂ ಮಾರಾಟವಾಗದ ಫಿರಂಗಿ, ಹೆಸರು ಕೆಟ್ಟರೂ ಉಳಿದ ಟ್ಯಾಂಕ್

1965ರ ಯುದ್ಧದಲ್ಲಿ ಪಾಕಿಸ್ತಾನದ ಬಳಿ ಅಮೆರಿಕದ ಪ್ಯಾಟನ್ ಟ್ಯಾಂಕ್‌ಗಳಿದ್ದವು. ಅವನ್ನು ಎದುರಿಸಲು ಯಾರಿಗೂ ಆಗದು ಎಂಬ ಮಾತಿತ್ತು. ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಭಾರತೀಯ ಸೇನೆ ನೀರು ತುಂಬಿದ ಕಬ್ಬಿನ ಗದ್ದೆಗಳ ಕಡೆಗೆ ಅವು ಬರುವಂತೆ ಮಾಡಿ ಹೊಡೆದುಹಾಕಿತು. ಆ ಟ್ಯಾಂಕ್‌ಗಳು ಯುದ್ಧ ಸ್ಮಾರಕಗಳಾಗಿ ನಮ್ಮ ಅನೇಕ ಊರುಗಳಲ್ಲಿ ನಿಂತಿವೆ. ಆದರೂ ಪ್ಯಾಟನ್ ಮುಂದಿನ ಹಲವು ದಶಕ ಬೇರೆಬೇರೆ ದೇಶಗಳ ಸೇನೆಯಲ್ಲಿ ಉಳಿಯಿತು. ಸೋತದ್ದು ಟ್ಯಾಂಕ್ ಮಾತ್ರವಲ್ಲ, ಅದನ್ನು ಬಳಸಿದ ರೀತಿಯೂ ಹೌದು ಎಂದು ಸೇನೆಗಳಿಗೆ ಗೊತ್ತಿತ್ತು.

ಬೋಫೋರ್ಸ್ ಕಥೆ ಇದರ ತಿರುವುಮುರುವು. 1986ರಲ್ಲಿ ಭಾರತ 410 ಬೋಫೋರ್ಸ್ ಫಿರಂಗಿಗಳಿಗೆ ಒಪ್ಪಂದ ಮಾಡಿಕೊಂಡಿತು. ಲಂಚದ ಆರೋಪದಿಂದ ಅದರ ಹೆಸರು ಹಾಳಾಯಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಅದೇ ಫಿರಂಗಿ ಬೆಟ್ಟದ ತುದಿಯಲ್ಲಿದ್ದ ಶತ್ರು ನೆಲೆಗಳನ್ನು ಒಡೆದು ಎಲ್ಲರ ಮೆಚ್ಚುಗೆ ಪಡೆಯಿತು. ಹಾಗೆಂದು ಸ್ವೀಡನ್‌ಗೆ ಹೊಸ ಫಿರಂಗಿಯ ಆರ್ಡರ್ ಹೋಯಿತೇ? ಇಲ್ಲ. ಹಗರಣದ ಹೆದರಿಕೆಯಿಂದ ವರ್ಷಗಟ್ಟಲೆ ಫಿರಂಗಿ ಖರೀದಿಯೇ ನಿಂತಿತು. ಕೊನೆಗೆ ಅದೇ ವಿನ್ಯಾಸದ ಆಧಾರದ ಮೇಲೆ ಜಬಲ್ಪುರದಲ್ಲಿ ಧನುಷ್ ತಯಾರಾಯಿತು. ಯುದ್ಧದಲ್ಲಿ ಹೆಸರು ಬಂದರೂ ವ್ಯಾಪಾರ ಬರಲಿಲ್ಲ.

ಆಪರೇಷನ್ ಸಿಂಧೂರದ ಬಳಿಕ ಬಂದ ಫಾರ್ವರ್ಡ್‌ಗಳು

2025ರ ಮೇ 7ರಿಂದ 10ರವರೆಗೆ ನಡೆದ ಸಂಘರ್ಷದಲ್ಲಿ ಹಲವು ದೇಶಗಳ ಆಯುಧಗಳು ಎದುರುಬದುರಾದವು. ಭಾರತದ ಕಡೆ ಫ್ರಾನ್ಸ್‌ನ ರಫೇಲ್, ರಷ್ಯಾದ ಎಸ್-400, ಭಾರತ-ರಷ್ಯಾ ಜಂಟಿಯ ಬ್ರಹ್ಮೋಸ್, ದೇಶೀ ಆಕಾಶ್. ಪಾಕಿಸ್ತಾನದ ಕಡೆ ಚೀನಾದ ಜೆ-10ಸಿ ವಿಮಾನ ಮತ್ತು ಪಿಎಲ್-15 ಕ್ಷಿಪಣಿ, ಟರ್ಕಿಯ ಡ್ರೋನ್. ಇಷ್ಟೂ ದೇಶಗಳಿಗೆ ತಮ್ಮ ಮಾಲು ಗೆದ್ದಿತು ಎಂದು ತೋರಿಸುವ ಆಸೆ ಇದ್ದದ್ದು ಸಹಜ. ಆದ್ದರಿಂದ ಸುಳ್ಳು ಸುದ್ದಿ ಹೊಳೆಯಾಗಿ ಹರಿಯಿತು. ವಿಡಿಯೋ ಗೇಮ್‌ನ ದೃಶ್ಯಗಳನ್ನೇ ಯುದ್ಧದ ದೃಶ್ಯ ಎಂದು ಹಂಚಿದ್ದನ್ನು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಕೂಡ ಎತ್ತಿ ತೋರಿಸಿತು.

ಅಧಿಕೃತವಾಗಿ ಹೊರಬಂದದ್ದು ಇಷ್ಟು. ಮೇ 31ರಂದು ಸಿಂಗಪುರದಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ (ಸಿಡಿಎಸ್) ಜನರಲ್ ಅನಿಲ್ ಚೌಹಾಣ್ ಭಾರತಕ್ಕೂ ವಿಮಾನ ನಷ್ಟವಾಗಿದೆ ಎಂದು ಒಪ್ಪಿಕೊಂಡರು, ಸಂಖ್ಯೆ ಹೇಳಲಿಲ್ಲ. ಆರು ವಿಮಾನ ಬಿದ್ದವು ಎಂಬ ಪಾಕಿಸ್ತಾನದ ಮಾತು ಸುಳ್ಳು ಎಂದರು. ಆಗಸ್ಟ್ 9ರಂದು ನಮ್ಮ ಬೆಂಗಳೂರಿನಲ್ಲೇ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಪಾಕಿಸ್ತಾನದ ಐದು ಯುದ್ಧ ವಿಮಾನ ಮತ್ತು ಒಂದು ದೊಡ್ಡ ವಿಮಾನವನ್ನು ಹೊಡೆದುರುಳಿಸಿದ್ದಾಗಿ ಹೇಳಿದರು. ಆ ದೊಡ್ಡ ವಿಮಾನಕ್ಕೆ ಸುಮಾರು 300 ಕಿ.ಮೀ. ದೂರದಿಂದ ಗುರಿ ಇಡಲಾಗಿತ್ತು ಎಂದರು. ಪಾಕಿಸ್ತಾನ ಇದನ್ನು ಅಲ್ಲಗಳೆಯಿತು.

ಷೇರು ಪೇಟೆ ಮಾತ್ರ ಯಾರ ಒಪ್ಪಿಗೆಗೂ ಕಾಯಲಿಲ್ಲ. ಸಂಘರ್ಷದ ದಿನಗಳಲ್ಲೇ ಜೆ-10 ತಯಾರಿಸುವ ಚೀನಾದ ಚೆಂಗ್ಡು ಕಂಪನಿಯ ಷೇರು ಜಿಗಿಯಿತು. ಸುದ್ದಿಗೆ ಷೇರು ಕುಣಿಯುತ್ತದೆ, ಆರ್ಡರ್ ಪುಸ್ತಕ ಕುಣಿಯುವುದಿಲ್ಲ ಎಂಬುದನ್ನು ಗಮನಿಸಿ.

ಹೇಳಿಕೆಗೂ ಸತ್ಯಕ್ಕೂ ಎಷ್ಟು ಅಂತರ ಇರಬಹುದು? 1991ರ ಕೊಲ್ಲಿ ಯುದ್ಧದಲ್ಲಿ ಇರಾಕ್‌ನ 42 ಸ್ಕಡ್ ಕ್ಷಿಪಣಿಗಳಲ್ಲಿ 41ನ್ನು ಪೇಟ್ರಿಯಟ್ ತಡೆಯಿತು ಎಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಹೇಳಿದರು. ಮರುವರ್ಷ ಅಮೆರಿಕದ ಲೆಕ್ಕ ತಪಾಸಣಾ ಸಂಸ್ಥೆಯೇ ನೋಡಿದಾಗ ಗಟ್ಟಿ ಪುರಾವೆ ಸಿಕ್ಕಿದ್ದು ಶೇ. 9ರಷ್ಟು ಪ್ರಕರಣಗಳಿಗೆ ಮಾತ್ರ. ಆದರೂ ಪೇಟ್ರಿಯಟ್ ಮಾರಾಟ ನಿಲ್ಲಲಿಲ್ಲ. ಆಮೇಲೆ ಅದನ್ನು ಸುಧಾರಿಸಿದರು ಎಂಬುದೂ ನಿಜ.

ನಮ್ಮ ಕ್ಷಿಪಣಿಗೆ ಸಾಲು ನಿಂತಿದ್ದಾರೆಯೇ?

ಭಾರತದ ರಕ್ಷಣಾ ರಫ್ತು ಏರಿರುವುದು ಸುಳ್ಳಲ್ಲ. ಸರ್ಕಾರದ ಲೆಕ್ಕದಂತೆ 2013-14ರಲ್ಲಿ ₹686 ಕೋಟಿ ಇದ್ದದ್ದು 2023-24ರಲ್ಲಿ ₹21,083 ಕೋಟಿ, 2024-25ರಲ್ಲಿ ₹23,622 ಕೋಟಿ ಆಯಿತು. 2029ರ ಹೊತ್ತಿಗೆ ₹50,000 ಕೋಟಿ ಗುರಿ. ಆದರೆ ಈ ಏರಿಕೆ ಸಿಂಧೂರಕ್ಕಿಂತ ಮೊದಲಿನದು. ಈ ಮೊತ್ತದಲ್ಲಿ ಎಲ್ಲವೂ ಕ್ಷಿಪಣಿಯಲ್ಲ. ವಿಮಾನದ ಬಿಡಿಭಾಗ, ಮದ್ದುಗುಂಡು, ಎಲೆಕ್ಟ್ರಾನಿಕ್ಸ್ ಕೂಡ ಸೇರಿದೆ.

ಬ್ರಹ್ಮೋಸ್ ಕೊಳ್ಳಲು ಫಿಲಿಪ್ಪೀನ್ಸ್ ಸಹಿ ಹಾಕಿದ್ದು 2022ರ ಜನವರಿಯಲ್ಲಿ, ಸುಮಾರು 37.5 ಕೋಟಿ ಡಾಲರ್‌ಗೆ. ಮೊದಲ ಕಂತು ಹೋದದ್ದು 2024ರ ಏಪ್ರಿಲ್‌ನಲ್ಲಿ. ಅಂದರೆ ಸಿಂಧೂರಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ರಹ್ಮೋಸ್ ಜಂಟಿ ಉದ್ಯಮವಾದ್ದರಿಂದ ಮೂರನೇ ದೇಶಕ್ಕೆ ಮಾರಲು ರಷ್ಯಾದ ಒಪ್ಪಿಗೆಯೂ ಬೇಕು. ಒಂದು ದೇಶ ಆಸಕ್ತಿ ತೋರಿತು ಎಂದರೆ ಒಪ್ಪಂದ ಆಯಿತು ಎಂದಲ್ಲ. ಹುಡುಗಿ ನೋಡಿ ಹೋದವರೆಲ್ಲ ತಾಳಿ ಕಟ್ಟುವುದಿಲ್ಲ.

ಯುದ್ಧದಿಂದ ನಿಜಕ್ಕೂ ದಾರಿ ತೆರೆದುಕೊಂಡ ಉದಾಹರಣೆ ಬೇಕಾದರೆ ಅರ್ಮೇನಿಯಾ ನೋಡಿ. ಕಾರ್ಗಿಲ್‌ನಲ್ಲಿ ಶತ್ರು ಫಿರಂಗಿ ಎಲ್ಲಿದೆ ಎಂದು ಪತ್ತೆಹಚ್ಚುವ ರಾಡಾರ್ ನಮ್ಮಲ್ಲಿ ಇರಲಿಲ್ಲ. ಆ ಕೊರತೆ ತುಂಬಲು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇ ಮತ್ತು ಬಿಇಎಲ್ ಸೇರಿ ಸ್ವಾತಿ ರಾಡಾರ್ ಮಾಡಿದವು. ಹಾರಿ ಬರುವ ಗುಂಡಿನ ದಾರಿಯನ್ನು ಲೆಕ್ಕ ಹಾಕಿ ಅದು ಹೊರಟ ಜಾಗವನ್ನು ಅದು ಹೇಳುತ್ತದೆ. 2020ರಲ್ಲಿ ಅರ್ಮೇನಿಯಾ ಇದನ್ನು ಕೊಂಡಿತು. ಅದೇ ವರ್ಷದ ಕೊನೆಗೆ ಅದು ಅಜರ್‌ಬೈಜಾನ್ ಎದುರು ನಾಗೋರ್ನೊ-ಕರಬಾಖ್ ಯುದ್ಧ ಸೋತಿತು. ರಷ್ಯಾ ಅದರ ಹಳೆಯ ಪೂರೈಕೆದಾರ. ಆದರೆ ಉಕ್ರೇನ್ ಯುದ್ಧಕ್ಕಿಳಿದ ಮೇಲೆ ರಷ್ಯಾದಿಂದ ಬರಬೇಕಾದದ್ದು ಬರಲಿಲ್ಲ. 2022ರಲ್ಲಿ ಅರ್ಮೇನಿಯಾ ಭಾರತದ ಪಿನಾಕ ರಾಕೆಟ್ ವ್ಯವಸ್ಥೆಗೆ ಆರ್ಡರ್ ಕೊಟ್ಟಿತು. ಇಲ್ಲಿ ಭಾರತಕ್ಕೆ ಗಿರಾಕಿ ಸಿಕ್ಕಿದ್ದಕ್ಕೆ ಇನ್ನೊಬ್ಬರು ಸಮಯಕ್ಕೆ ಕೊಡದಿದ್ದದ್ದೂ ಒಂದು ಕಾರಣ.

ಹೆಸರು ಕೆಡಲು ಯುದ್ಧವೇ ಬೇಕಿಲ್ಲ ಎಂಬುದಕ್ಕೂ ಬೆಂಗಳೂರಿನದೇ ಉದಾಹರಣೆ ಇದೆ. ಎಚ್‌ಎಎಲ್ ತಯಾರಿಸಿದ ಏಳು ಧ್ರುವ್ ಹೆಲಿಕಾಪ್ಟರ್‌ಗಳನ್ನು ದಕ್ಷಿಣ ಅಮೆರಿಕದ ಈಕ್ವೆಡಾರ್ ಕೊಂಡಿತ್ತು. ನಾಲ್ಕು ಅಪಘಾತಕ್ಕೀಡಾದವು. ಕೆಲವು ಅಪಘಾತಗಳಿಗೆ ಚಾಲಕರ ತಪ್ಪು ಕಾರಣ ಎಂದು ಎಚ್‌ಎಎಲ್ ಹೇಳಿತು. ಆದರೂ 2015ರಲ್ಲಿ ಈಕ್ವೆಡಾರ್ ಒಪ್ಪಂದ ರದ್ದು ಮಾಡಿತು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ಪೈಲಟ್ ಮೃತಪಟ್ಟರು. ಮುಂದಿನ ವಹಿವಾಟಿನ ದಿನ ಎಚ್‌ಎಎಲ್ ಷೇರು ಇಳಿಯಿತು. ಒಂದು ಅಪಘಾತದಿಂದ ವಿಮಾನ ಕೆಟ್ಟದ್ದು ಎನ್ನುವುದು ಎಷ್ಟು ತಪ್ಪೋ, ಒಂದು ದಾಳಿಯಿಂದ ಕ್ಷಿಪಣಿ ಅಜೇಯ ಎನ್ನುವುದೂ ಅಷ್ಟೇ ತಪ್ಪು.

ಕೋಲಾರದವರಿಗೆ ಇದರಿಂದ ಏನಾಗಬೇಕು?

ಆಗಬೇಕಾದದ್ದು ಇದೆ. 1964ರಲ್ಲಿ ಶುರುವಾದ ಬೆಮೆಲ್‌ನ ದೊಡ್ಡ ಘಟಕ ಇರುವುದು ನಮ್ಮ ಕೆಜಿಎಫ್‌ನಲ್ಲಿ. ಪಿನಾಕ ಹೊರುವ ಟಟ್ರಾ ಟ್ರಕ್ ಬೆಮೆಲ್‌ನದೇ. ವೇಮಗಲ್‌ನಲ್ಲಿ ಟಾಟಾ ಸಂಸ್ಥೆ ಏರ್‌ಬಸ್‌ನ ಎಚ್‌125 ಹೆಲಿಕಾಪ್ಟರ್ ಜೋಡಣೆಗೆ ಜಾಗ ಆರಿಸಿಕೊಂಡಿದೆ. ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ದಿನವೂ ಬಸ್ ಹತ್ತುವ ಹುಡುಗ ಹುಡುಗಿಯರಲ್ಲಿ ಕೆಲವರ ಸಂಬಳ ಮುಂದೆ ಈ ವ್ಯಾಪಾರದಿಂದಲೇ ಬರಬಹುದು. ಅವರಿಗೆ ಕೆಲಸ ಕೊಡುವುದು ವೈರಲ್ ವಿಡಿಯೋ ಅಲ್ಲ. ಸಹಿಯಾದ ಒಪ್ಪಂದ, ಸಮಯಕ್ಕೆ ಪೂರೈಕೆ, ಮಾರಿದ ಮೇಲಿನ ಸೇವೆ.

ಇನ್ನೊಂದು ಮಾತು. ಬೆಂಗಳೂರು-ಚೆನ್ನೈ ರೈಲು ಮಾರ್ಗ ಮಾಲೂರು, ಬಂಗಾರಪೇಟೆ ಮೇಲೆ ಹೋಗುತ್ತದೆ. ಹೆದ್ದಾರಿ ಕೋಲಾರ, ಮುಳಬಾಗಿಲು ದಾಟುತ್ತದೆ. ಸೇನೆಯ ವಾಹನಗಳು ಹೋಗುವುದು ಕಂಡರೆ ವಿಡಿಯೋ ತೆಗೆದು ಗುಂಪಿಗೆ ಹಾಕಬೇಡಿ. 2025ರ ಸಂಘರ್ಷದ ಹೊತ್ತಿನಲ್ಲಿ ಸೇನೆಯ ಚಲನವಲನವನ್ನು ನೇರವಾಗಿ ತೋರಿಸಬಾರದು ಎಂದು ಸರ್ಕಾರವೇ ಮಾಧ್ಯಮಗಳಿಗೆ ಮತ್ತು ಸಾಮಾಜಿಕ ಜಾಲತಾಣ ಬಳಸುವವರಿಗೆ ಹೇಳಿತ್ತು. ಆ ಗಾಡಿಯಲ್ಲಿ ನಮ್ಮ ಪಕ್ಕದ ಮನೆಯವರೂ ಇರಬಹುದು.

ಫಾರ್ವರ್ಡ್ ಮಾಡುವ ಮೊದಲು ಐದು ಪ್ರಶ್ನೆ

1. ಇದನ್ನು ಹೇಳುತ್ತಿರುವವರು ಯಾರು? ಯುದ್ಧ ಮಾಡುತ್ತಿರುವವರೋ, ಆಯುಧ ಮಾರುವವರೋ, ಹೊರಗಿನವರೋ?
2. ಆಸಕ್ತಿಯೋ, ಮಾತುಕತೆಯೋ, ಸಹಿಯಾದ ಒಪ್ಪಂದವೋ, ಮಾಲು ತಲುಪಿದೆಯೋ? ಈ ನಾಲ್ಕೂ ಬೇರೆಬೇರೆ.
3. ಒಪ್ಪಂದದ ದಿನಾಂಕ ಯಾವುದು? ಯುದ್ಧಕ್ಕೆ ಮೊದಲಿನದಾದರೆ ಯುದ್ಧ ಅದಕ್ಕೆ ಕಾರಣವಲ್ಲ.
4. ಅಂಕಿ ಒಂದು ವರ್ಷದ್ದೋ, ಐದು ವರ್ಷದ್ದೋ?
5. ಕೊನೆಯ ಸಾಲಿನಲ್ಲಿ "ಈ ಷೇರು ಕೊಳ್ಳಿ" ಎಂದಿದೆಯೇ? ಇದ್ದರೆ ಅಲ್ಲಿಗೇ ನಿಲ್ಲಿಸಿ. ಹೂಡಿಕೆ ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿರಬೇಕು. ಹೆಸರಿಲ್ಲದ ಫಾರ್ವರ್ಡ್‌ಗೆ ಯಾವ ನೋಂದಣಿಯೂ ಇರುವುದಿಲ್ಲ.

ನಮ್ಮ ತೀರ್ಮಾನ

"ಒಂದು ಯುದ್ಧದಿಂದ ದೊಡ್ಡ ದೇಶದ ಆಯುಧ ವ್ಯಾಪಾರ ಮುಳುಗಿತು" ಎಂಬುದು ಅರ್ಧ ಸತ್ಯ. ರಷ್ಯಾದ ರಫ್ತು ಬಿದ್ದಿರುವುದು ನಿಜ, ಆದರೆ ಯುದ್ಧಭೂಮಿಯ ಸೋಲೊಂದೇ ಅದಕ್ಕೆ ಕಾರಣವಲ್ಲ. ರಷ್ಯಾದ್ದೇ ಎಸ್-400ಗೆ ಭಾರತದಲ್ಲಿ 2025ರ ಬಳಿಕ ಹೆಸರು ಹೆಚ್ಚಿತು ಎಂಬುದನ್ನೂ ಮರೆಯಬೇಡಿ. "ಒಂದು ಯುದ್ಧದಿಂದ ನಮ್ಮ ಆಯುಧಕ್ಕೆ ಜಗತ್ತೇ ಸಾಲು ನಿಂತಿತು" ಎಂಬುದು ಸದ್ಯಕ್ಕೆ ಉತ್ಪ್ರೇಕ್ಷೆ. ರಫ್ತು ಏರುತ್ತಿದೆ, ಅದು ಹಲವು ವರ್ಷಗಳ ಕೆಲಸದ ಫಲ.

ಮುಳಬಾಗಿಲಿನ ಬಂಡೆಯ ಮೇಲೆ ಯಾರೋ "ಸ್ಮಿತ್" ಎಂದು ಕೂಗಿದಾಗ ಹೈದರ್‌ನ ಸೈನಿಕರಿಗೆ ಪರಿಶೀಲಿಸಲು ಸಮಯ ಇರಲಿಲ್ಲ. ನಮಗೆ ಇದೆ. ಫಾರ್ವರ್ಡ್ ಗುಂಡಿ ಒತ್ತುವ ಮೊದಲು ಎರಡು ನಿಮಿಷ ತೆಗೆದುಕೊಂಡರೆ ಸಾಕು.